‘ನೇರ’ ಎಲ್ಲಿದೆ ಎಂದು ಮರೆತ ಕುತ್ತಿಗೆ: ಮುಂಬೈಯ ಒಂದು ಪ್ರಕರಣ

ಹಿನ್ನೆಲೆ

ಮುಂಬೈಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ 48 ವರ್ಷದ ಗಂಡಸು. ಊರು ಕುಂದಾಪುರದ ಕಡೆ, ಮುಂಬೈಗೆ ಬಂದು 27 ವರ್ಷ. ಮನೆ ಡೊಂಬಿವಲಿಯಲ್ಲಿ, ಹೋಟೆಲು ದಾದರ್ ಹತ್ತಿರ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದೆ. ಹೋಟೆಲಿನ ಹುಡುಗರು ಕರೆಯುವಂತೆ ಇಲ್ಲಿಯೂ ಅವರನ್ನು ‘ಅಣ್ಣ’ ಎಂದೇ ಕರೆಯೋಣ.

ಮೂರು ವರ್ಷದ ಹಿಂದೆ ಅಣ್ಣ ಕೂತಿದ್ದ ಟ್ಯಾಕ್ಸಿಗೆ ಹಿಂದಿನಿಂದ ಟೆಂಪೊ ಗುದ್ದಿತ್ತು. ಗಾಯ ಏನೂ ಆಗಲಿಲ್ಲ. ಮರುದಿನ ಕುತ್ತಿಗೆ ಹಿಡಿದುಕೊಂಡಿತು, ಎರಡು ವಾರದಲ್ಲಿ ಸಡಿಲವಾಯಿತು. ಆರು ತಿಂಗಳು ಕಳೆದ ಮೇಲೆ ತಲೆಬುರುಡೆಯ ಬುಡದಲ್ಲಿ, ಬಲಗಡೆ ಹೆಚ್ಚಾಗಿ, ಮೊಂಡು ನೋವು ಶುರುವಾಯಿತು. ಅದು ಮತ್ತೆ ಬಿಡಲಿಲ್ಲ. ಜೊತೆಗೆ ತಲೆಸುತ್ತೂ ನಡೆಯುವಾಗ ಕಾಲು ತಪ್ಪಿದಂತಾಗುವುದೂ ಸೇರಿಕೊಂಡವು.

ಎಕ್ಸ್‌ರೇಯಲ್ಲಿ ಕುತ್ತಿಗೆಯ ಐದು ಮತ್ತು ಆರನೆಯ ಮೂಳೆಗಳ ನಡುವಿನ ಅಂತರ ಕಡಿಮೆಯಾಗಿರುವುದು ಕಂಡಿತು. ಅಲ್ಲಿಂದ ‘ಸ್ಪಾಂಡಿಲೋಸಿಸ್’, ಎಂದರೆ ಕುತ್ತಿಗೆಯ ಮೂಳೆಸಂದುಗಳ ಸವೆತ, ಎಂಬ ಹೆಸರು ಅಂಟಿಕೊಂಡಿತು, ಮುಂದಿನ ಎಲ್ಲ ಚಿಕಿತ್ಸೆಯೂ ಆ ಹೆಸರಿಗೇ ನಡೆಯಿತು. ಹಗಲಿಡೀ ಕಾಲರ್, ನಾಲ್ಕು ತಿಂಗಳು. ಕುತ್ತಿಗೆಯನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ಹದಿನೈದು ಸಲ. ನೋವಿನ ಮಾತ್ರೆ, ಅದರ ಜೊತೆ ಗ್ಯಾಸಿನ ಮಾತ್ರೆ. ತಲೆಸುತ್ತಿಗೆ ಬೀಟಾಹಿಸ್ಟಿನ್, ಬಿಟ್ಟು ಬಿಟ್ಟು ಒಂದು ವರ್ಷ. ರೈಲು ಹತ್ತುವ ಮುಂಚೆ ಮೆಡಿಕಲ್ ಅಂಗಡಿಯಿಂದ ತಾವಾಗಿಯೇ ತೆಗೆದುಕೊಳ್ಳುತ್ತಿದ್ದ, ತಲೆಸುತ್ತು ತಡೆಯುವ ಇನ್ನೊಂದು ಮಾತ್ರೆ ಸಿನ್ನಾರಿಜಿನ್ ಬೇರೆ. ತಿಂಗಳಿಗೊಮ್ಮೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿಸಿ ನೆಟಿಗೆ ಮುರಿಸಿಕೊಳ್ಳುವ ಅಭ್ಯಾಸವೂ ಇತ್ತು. ಅದರಿಂದ ಅರ್ಧ ದಿನ ಹಗುರ, ಆಮೇಲೆ ಮತ್ತೆ ಅದೇ ಬಿಗಿ.

ಎಕ್ಸ್‌ರೇ ಸುಳ್ಳು ಹೇಳಿತು ಎಂದಲ್ಲ. ಆ ವಯಸ್ಸಿನಲ್ಲಿ ಅಂಥ ಸವೆತ ಬಹಳ ಜನರಲ್ಲಿ ಇರುತ್ತದೆ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆಯ ಎಂಆರ್‌ಐ ತೆಗೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 87.6% ಮಂದಿಗೆ ಮೂಳೆಗಳ ನಡುವಿನ ಮೆತ್ತೆ (ಡಿಸ್ಕ್) ಉಬ್ಬಿದ್ದು ಕಂಡಿತ್ತು. ಸವೆತ ಇದೆ ಎಂದಮಾತ್ರಕ್ಕೆ ನೋವು ಅಲ್ಲಿಂದಲೇ ಬರುತ್ತಿದೆ ಎನ್ನುವಂತಿಲ್ಲ. ಕಾಲು ತಪ್ಪುವುದಕ್ಕೂ ಅದೇ ಕಾರಣ ಎನ್ನುವುದಂತೂ ಇನ್ನೂ ದೂರದ ಮಾತು.

‘ತಲೆಸುತ್ತು’ ಎಂಬ ಒಂದೇ ಮಾತಿನೊಳಗೆ ಮೂರು ತೊಂದರೆ

ಅಣ್ಣ ಫಿಸಿಯೋಥೆರಪಿಸ್ಟರ ಹತ್ತಿರ ಬಂದದ್ದು ಕುತ್ತಿಗೆ ನೋವಿಗೆ. ತಲೆಸುತ್ತನ್ನು ಕೊನೆಯಲ್ಲಿ, ಎದ್ದು ಹೋಗುವಾಗ ಹೇಳಿದರು. ಈ ಪ್ರಕರಣದ ಮೊದಲ ತಿರುವು ಅಲ್ಲಿದೆ. ಥೆರಪಿಸ್ಟ್ ಅವರನ್ನು ಮತ್ತೆ ಕೂರಿಸಿದರು.

“ಅಣ್ಣ, ತಲೆಸುತ್ತು ಅನ್ನೋ ಮಾತು ಬಿಟ್ಟು ಹೇಳಿ. ಏನಾಗ್ತದೆ?”

“ಕೋಣೆ ಗರಗರ ತಿರುಗೂದಿಲ್ಲ ಮೇಡಂ. ಕಣ್ಣು ಕತ್ತಲೆ ಬರೂದೂ ಇಲ್ಲ. ದೋಣಿಯಲ್ಲಿ ನಿಂತ್ಹಾಗೆ. ನೆಲ ಸಣ್ಣಕೆ ಆಡಿದ್ಹಾಗೆ.”

ಕನ್ನಡದಲ್ಲಿ ‘ತಲೆಸುತ್ತು’ ಎಂದರೆ ಮೂರು ಬೇರೆ ಬೇರೆ ತೊಂದರೆಗಳಿಗೂ ನಡೆಯುತ್ತದೆ. ಸುತ್ತಲಿನ ಜಗತ್ತು ಚಕ್ರದಂತೆ ತಿರುಗಿದರೆ ಮೊದಲು ಒಳಕಿವಿಯನ್ನು ನೋಡಬೇಕು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ರಕ್ತದೊತ್ತಡ, ಹೃದಯ, ರಕ್ತಹೀನತೆ. ತೇಲಿದಂತೆ, ಓಲಾಡಿದಂತೆ, ಕಾಲಿಟ್ಟ ಜಾಗದ ಮೇಲೆ ನಂಬಿಕೆ ಇಲ್ಲದಂತೆ ಆದರೆ ಅದು ಮೂರನೆಯ ಬಗೆ. ಕುತ್ತಿಗೆಯಿಂದ ಬರುವುದು ಸಾಮಾನ್ಯವಾಗಿ ಈ ಮೂರನೆಯದು. ಮೂರನೆಯ ಬಗೆಗೆ ಬೇರೆ ಕಾರಣಗಳೂ ಇರುತ್ತವೆ, ಹಾಗಾಗಿ ಉಳಿದವನ್ನು ತಳ್ಳಿಹಾಕಿದ ಮೇಲೆಯೇ ಕುತ್ತಿಗೆಯ ಕಡೆ ಬರಬೇಕು.

ಯಾವಾಗ ಆಗುತ್ತದೆ ಎಂದು ಕೇಳಿದಾಗ ನಾಲ್ಕು ಸಂದರ್ಭ ಹೊರಬಿದ್ದವು. ರೈಲ್ವೆ ಬ್ರಿಡ್ಜಿನ ಮೆಟ್ಟಿಲು ಇಳಿಯುವಾಗ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಫಾಸ್ಟ್ ಲೋಕಲ್ ನಿಲ್ಲದೆ ಹಾದುಹೋದರೆ. ಸಂಜೆಯ ಹೊತ್ತಿಗೆ ಬಿಲ್ಲಿನ ಪರದೆಯ ಮೇಲಿನ ಅಕ್ಷರ ತೇಲಿದಂತೆ ಕಾಣುವಾಗ. ನಾಲ್ಕನೆಯದನ್ನು ಹೇಳಲು ಅವರು ಸ್ವಲ್ಪ ಸಂಕೋಚಪಟ್ಟರು: ನೋಟು ಎಣಿಸುವಾಗ ಲೆಕ್ಕ ತಪ್ಪುತ್ತಿತ್ತು. ಕೈಯಲ್ಲಿ ಕಟ್ಟು, ಎದುರಿಗೆ ಗಿರಾಕಿ. ಒಮ್ಮೆ ತಲೆ ಎತ್ತಿ ಮುಖ ನೋಡಿ ಕಣ್ಣು ಮತ್ತೆ ನೋಟಿಗೆ ಇಳಿಸಿದರೆ ಒಂದು ಕ್ಷಣ ಎರಡು ಅಂಚು ಕಾಣುತ್ತಿದ್ದವು, ಎಣಿಕೆ ಎಲ್ಲಿ ನಿಂತಿತ್ತೆಂದು ಮರೆತುಹೋಗುತ್ತಿತ್ತು. 27 ವರ್ಷ ಹಣ ಎಣಿಸಿದ ಕೈ ಅದು. ಧಣಿಗಳು ಏನೆಂದುಕೊಂಡಾರೋ ಎಂಬ ಹೆದರಿಕೆ ನೋವಿಗಿಂತ ದೊಡ್ಡದಾಗಿತ್ತು.

ಮೊದಲ ಭೇಟಿಯ ಅಂಕಗಳು: ನೋವು ಹತ್ತಕ್ಕೆ 6. ಕುತ್ತಿಗೆಯ ತೊಂದರೆ ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಎಂದು ಅಳೆಯುವ ನೆಕ್ ಡಿಸೆಬಿಲಿಟಿ ಇಂಡೆಕ್ಸ್‌ನಲ್ಲಿ 50ಕ್ಕೆ 19. ತಲೆಸುತ್ತಿನ ಪ್ರಶ್ನಾವಳಿ ಡಿಎಚ್‌ಐಯಲ್ಲಿ 100ಕ್ಕೆ 44. ಮೂರರಲ್ಲೂ ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು.

ಕುತ್ತಿಗೆ ಕಣ್ಣಿಗೆ ಏನು ಹೇಳುತ್ತದೆ

ತಲೆ ಎಲ್ಲಿದೆ, ಯಾವ ಕಡೆ ತಿರುಗುತ್ತಿದೆ ಎಂದು ಮೆದುಳು ಮೂರು ಕಡೆಯಿಂದ ವರದಿ ತರಿಸಿಕೊಳ್ಳುತ್ತದೆ: ಕಣ್ಣು, ಒಳಕಿವಿ, ಕುತ್ತಿಗೆ. ಒಳಕಿವಿ ತಲೆ ತಿರುಗಿದ್ದನ್ನು ಮಾತ್ರ ಹೇಳಬಲ್ಲದು. ತಲೆಯೊಂದೇ ತಿರುಗಿತೋ ಇಡೀ ಮೈ ತಿರುಗಿತೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆ ವ್ಯತ್ಯಾಸ ಹೇಳುವುದು ಕುತ್ತಿಗೆ.

ತಲೆಬುರುಡೆಯ ಬುಡಕ್ಕೆ ಅಂಟಿದ ಸಣ್ಣ ಸ್ನಾಯುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಸ್ನಾಯು ಎಷ್ಟು ಹಿಗ್ಗಿತು ಎಂದು ಅಳೆಯುವ ಸೂಕ್ಷ್ಮ ಎಳೆಗಳಿಗೆ ಮಸಲ್ ಸ್ಪಿಂಡಲ್ ಎನ್ನುತ್ತಾರೆ. 2001ರಲ್ಲಿ ಪ್ರಕಟವಾದ, ಮಾನವ ಭ್ರೂಣಗಳ ಮೇಲಿನ ಎಣಿಕೆಯಲ್ಲಿ ಈ ಗುಂಪಿನ ಒಂದು ಸ್ನಾಯುವಿನಲ್ಲಿ ಗ್ರಾಂಗೆ 242 ಸ್ಪಿಂಡಲ್ ಸಿಕ್ಕಿದ್ದವು. ಕುತ್ತಿಗೆಯ ಮುಂಭಾಗದ ಆಳದ ಸ್ನಾಯುವಿನಲ್ಲಿ ಐವತ್ತಕ್ಕಿಂತ ಕಡಿಮೆ. ತಲೆ ಎತ್ತಿ ಹಿಡಿಯುವುದು ಇಂಥ ಸ್ನಾಯುವಿನ ಮುಖ್ಯ ಕೆಲಸವಲ್ಲ, ತಲೆ ಎಲ್ಲಿದೆ ಎಂದು ಅಳೆಯುವುದೇ ಅದರ ಕೆಲಸ. ಇಲ್ಲಿಂದ ಹೊರಟ ಸುದ್ದಿ ಸಮತೋಲದ ಕೇಂದ್ರಗಳಿಗೂ ಕಣ್ಣು ತಿರುಗಿಸುವ ನರಗಳ ಜಾಲಕ್ಕೂ ಹೋಗುತ್ತದೆ.

ನೋವು, ಊತ, ಬಿಗಿ, ದಣಿವು ಬಂದಾಗ ಆ ಸುದ್ದಿ ಕೆಡುತ್ತದೆ. ಒಳಕಿವಿ ಒಂದು ಹೇಳುತ್ತದೆ, ಕಣ್ಣು ಒಂದು, ಕುತ್ತಿಗೆ ಇನ್ನೊಂದು. ತಾಳೆಯಾಗದ ಲೆಕ್ಕವೇ ‘ದೋಣಿ’ಯಾಗಿ ಅನುಭವಕ್ಕೆ ಬರುತ್ತದೆ. ಇದು ಊಹೆಯಷ್ಟೇ ಅಲ್ಲ. 1977ರಲ್ಲಿ ಡಿ ಯೋಂಗ್ ಮತ್ತು ಸಂಗಡಿಗರು ಕುತ್ತಿಗೆಯ ಮೇಲ್ಭಾಗಕ್ಕೆ ಅರಿವಳಿಕೆ ಚುಚ್ಚಿದಾಗ, ಒಳಕಿವಿ ಸರಿಯಿದ್ದವರಿಗೂ ನಡಿಗೆ ತೂರಾಡಿತು.

ನೆನಪಿಡಬೇಕಾದದ್ದು ಇದರ ಮರುಮುಖ: ಕಣ್ಣಿಗೆ ಕಷ್ಟವಾದರೆ ಕುತ್ತಿಗೆಯೂ ಬಿಗಿಯುತ್ತದೆ. ಸರಿಯಾಗಿ ಕಾಣಲೆಂದು ತಲೆಯನ್ನು ಒಂದೇ ಕೋನದಲ್ಲಿ ಹಿಡಿದು ಕೂರುತ್ತೇವೆ. ಅಣ್ಣನ ವಿಷಯದಲ್ಲಿ ಇದು ಮೊದಲು ತಪ್ಪಿಹೋಯಿತು, ಅದು ಮುಂದೆ ಬರುತ್ತದೆ.

ಮೊದಲು ತಳ್ಳಿಹಾಕಿದ್ದು

ಕುತ್ತಿಗೆಗೆ ಕೈಹಚ್ಚುವ ಮುಂಚೆ ಒಂದು ವಾರ ಕಾದದ್ದು ಈ ಪ್ರಕರಣದ ಒಳ್ಳೆಯ ನಿರ್ಧಾರ. ನೆಟಿಗೆ ಮುರಿಸಿಕೊಂಡ ಚರಿತ್ರೆ ಇದ್ದುದರಿಂದ ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿರುವ ಸಾಧ್ಯತೆಯನ್ನು ಕೇಳಲೇಬೇಕಿತ್ತು: ಹಿಂದೆಂದೂ ಇಲ್ಲದಂಥ ತೀವ್ರ ನೋವು, ಎರಡೆರಡು ಕಾಣುವುದು ಬಿಡದೆ ಇರುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖ ಜೋಮು, ಇದ್ದಕ್ಕಿದ್ದಂತೆ ಕುಸಿದು ಬೀಳುವುದು. ಇದರಲ್ಲಿ ಒಂದಿದ್ದರೂ ವ್ಯಾಯಾಮದ ಮಾತು ಬಿಟ್ಟು ನೇರ ಆಸ್ಪತ್ರೆ. ಅಣ್ಣನಿಗೆ ನೋಟು ಎಣಿಸುವಾಗಿನ ಎರಡು ಅಂಚು ಕ್ಷಣಮಾತ್ರದ್ದು, ಒಂದು ಕಣ್ಣು ಮುಚ್ಚಿದರೆ ಹೋಗುತ್ತಿತ್ತು, ದೂರಕ್ಕೆ ನೋಡುವಾಗ ಇರುತ್ತಿರಲಿಲ್ಲ. ಆದರೂ ನರರೋಗ ತಜ್ಞರಿಗೆ ತೋರಿಸಿಯೇ ಮುಂದುವರಿದದ್ದು.

ಬೆನ್ನುಹುರಿ ಒತ್ತಿಲ್ಲ ಎಂದು ತಿಳಿಯಲು ಪ್ರತಿವರ್ತನೆ, ಕೈಬೆರಳಿನ ಚುರುಕು, ಗೆರೆಯ ಮೇಲಿನ ನಡಿಗೆ ನೋಡಿದರು, ಸರಿಯಿತ್ತು. ರಕ್ತದೊತ್ತಡ ಮಲಗಿದ್ದಾಗ 132/84, ಎದ್ದು ಮೂರು ನಿಮಿಷಕ್ಕೆ 126/82. ತಲೆಯನ್ನು ಒಂದು ಕಡೆ ತಿರುಗಿಸಿ ಬೇಗನೆ ಮಲಗಿಸಿ ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಯಲ್ಲಿ ಎರಡೂ ಕಡೆ ಕಣ್ಣು ಅದುರಲಿಲ್ಲ, ಹಾಗಾಗಿ ಒಳಕಿವಿಯ ಹರಳು ಜಾರಿ ಬರುವ ತಲೆಸುತ್ತಲ್ಲ. ಇಎನ್‌ಟಿ ವೈದ್ಯರು ಶ್ರವಣ ಪರೀಕ್ಷೆ ಮಾಡಿದರು, ಸರಿಯಿತ್ತು. ಗ್ಯಾಸಿನ ಮಾತ್ರೆ ವರ್ಷಗಟ್ಟಲೆ ನುಂಗಿದ್ದರಿಂದ ಬಿ12 ಕೂಡ ನೋಡಿದರು. ಅದು ಕಡಿಮೆಯಾದರೆ ಪಾದದ ಅರಿವು ಕುಂದಿ ಇದೇ ಬಗೆಯ ಓಲಾಟ ಬರುತ್ತದೆ. ಅಣ್ಣನದು ಸರಿಯಿತ್ತು. ಇಎನ್‌ಟಿ ವೈದ್ಯರು ಸಿನ್ನಾರಿಜಿನ್ ನಿಲ್ಲಿಸಿದರು. ಅಂಥ ಮಾತ್ರೆ ತಾತ್ಕಾಲಿಕವಾಗಿ ಹಾಯೆನಿಸಿದರೂ ದಿನಾ ತೆಗೆದುಕೊಂಡರೆ ಮೆದುಳು ತನ್ನ ಲೆಕ್ಕವನ್ನು ತಾನೇ ಸರಿಪಡಿಸಿಕೊಳ್ಳುವುದನ್ನು ನಿಧಾನಿಸುತ್ತದೆ. ಬೀಟಾಹಿಸ್ಟಿನ್ ಅನ್ನೂ ಅವರೇ ಹಂತಹಂತವಾಗಿ ಬಿಡಿಸಿದರು.

ಗೋಡೆಯ ಮೇಲಿನ ಕೆಂಪು ಚುಕ್ಕೆ

ಎಲ್ಲ ಪರೀಕ್ಷೆಗಳಲ್ಲಿ ಹೆಚ್ಚು ಕಲಿಸಿದ್ದು ಅತಿ ಅಗ್ಗದ್ದು. ಹಣೆಪಟ್ಟಿಗೆ ಲೇಸರ್ ಪಾಯಿಂಟರ್ ಕಟ್ಟಿ, ಗೋಡೆಯಿಂದ 90 ಸೆಂ.ಮೀ. ದೂರದಲ್ಲಿ ಕೂರಿಸಬೇಕು. ನೇರ ನೋಡಿದಾಗ ಚುಕ್ಕೆ ಬಿದ್ದ ಜಾಗವೇ ಕೇಂದ್ರ. ಕಣ್ಣು ಮುಚ್ಚಿ ತಲೆಯನ್ನು ಪೂರ್ತಿ ಒಂದು ಕಡೆ ತಿರುಗಿಸಿ ಮತ್ತೆ ‘ನೇರ’ಕ್ಕೆ ತರಬೇಕು. ಚುಕ್ಕೆ ಕೇಂದ್ರದಿಂದ ಎಷ್ಟು ದೂರ ನಿಂತಿತು ಎಂದು ಅಳೆಯಬೇಕು, ಒಂದೊಂದು ಕಡೆಗೆ ಆರಾರು ಸಲ. ಫ್ರಾನ್ಸಿನ ರೆವೆಲ್ 1991ರಲ್ಲಿ ಈ ಪರೀಕ್ಷೆಯನ್ನು ರೂಪಿಸಿದರು. 4.5 ಡಿಗ್ರಿಗಿಂತ ಹೆಚ್ಚಿನ ತಪ್ಪನ್ನು ಅಸಹಜ ಎಂದು ಹಿಡಿಯುತ್ತಾರೆ, 90 ಸೆಂ.ಮೀ. ದೂರದಲ್ಲಿ ಅದು ಸುಮಾರು 7 ಸೆಂ.ಮೀ.

ಅಣ್ಣ ಬಲದಿಂದ ಮರಳಿದಾಗ ಸರಾಸರಿ ತಪ್ಪು 6 ಸೆಂ.ಮೀ. ಎಡದಿಂದ ಮರಳಿದಾಗ 9.5. ಆರು ಸಲವೂ ಚುಕ್ಕೆ ಎಡಗಡೆಯೇ ನಿಂತಿತು. “ನಡುವಿಗೇ ಬಂದೆ” ಎಂದು ನಂಬಿಕೆಯಿಂದ ಹೇಳಿ ಕಣ್ಣು ಬಿಟ್ಟವರು ಚುಕ್ಕೆ ನೋಡಿ ಸುಮ್ಮನಾದರು. ವರ್ಷಗಟ್ಟಲೆ ‘ಎಲ್ಲ ಸರಿ, ಸ್ವಲ್ಪ ಸವೆತ ಅಷ್ಟೆ’ ಎಂದು ಕೇಳಿಸಿಕೊಂಡವರಿಗೆ ತಮ್ಮ ತೊಂದರೆ ಮೊದಲ ಸಲ ಕಣ್ಣಿಗೆ ಕಂಡಿತ್ತು.

ಎರಡನೆಯದು ತಿರುಗುವ ಕುರ್ಚಿಯ ಪರೀಕ್ಷೆ. ತಲೆ ಮತ್ತು ಮೈ ಒಟ್ಟಿಗೆ ತಿರುಗಿಸಿದಾಗ ಒಳಕಿವಿ ಕೆಲಸ ಮಾಡುತ್ತದೆ, ಕುತ್ತಿಗೆ ಸುಮ್ಮನಿರುತ್ತದೆ. ತಲೆಯನ್ನು ಕೈಯಲ್ಲಿ ಹಿಡಿದು ಕೆಳಗೆ ಮೈಯನ್ನು ಮಾತ್ರ ತಿರುಗಿಸಿದಾಗ ಒಳಕಿವಿ ಸುಮ್ಮನೆ, ಕುತ್ತಿಗೆಯೊಂದೇ ಮಾತಾಡುತ್ತದೆ. ಅಣ್ಣನಿಗೆ ಮೊದಲನೆಯದರಲ್ಲಿ ಏನೂ ಆಗಲಿಲ್ಲ, ಎರಡನೆಯದರಲ್ಲಿ ದೋಣಿ ಬಂತು, ಅದೂ ಮೈ ಬಲಕ್ಕೆ ತಿರುಗಿದಾಗ ಹೆಚ್ಚು. ಮೈ ಬಲಕ್ಕೆ, ತಲೆ ನೇರ ಎಂದರೆ ಕುತ್ತಿಗೆಯ ಪಾಲಿಗೆ ಎಡಕ್ಕೆ ತಿರುಗಿದ ಹಾಗೆ. ಅದೇ ಭಂಗಿಯಲ್ಲಿ ಮೈಯನ್ನು 45 ಡಿಗ್ರಿ ನಿಲ್ಲಿಸಿ ಪೆನ್ನಿನ ತುದಿಯನ್ನು ನಿಧಾನವಾಗಿ ಆಚೀಚೆ ಸರಿಸಿದಾಗ ಕಣ್ಣು ಜಾರುಬಂಡೆಯ ಹಾಗೆ ಸರಾಗವಾಗಿ ಹೋಗದೆ ತುಂಡುತುಂಡಾಗಿ ಹಾರಿತು. ಇದರ ಮೂಲರೂಪವನ್ನು 1998ರಲ್ಲಿ ಸ್ವೀಡನ್ನಿನ ತಜ್ಞರು ಉಪಕರಣ ಬಳಸಿ ವಿವರಿಸಿದ್ದಾರೆ. ಬರಿಗಣ್ಣಿನಿಂದ ನೋಡಿ ಹೇಳುವಾಗ ತಪ್ಪುವ ಸಂಭವ ಹೆಚ್ಚು. ಇದೊಂದನ್ನೇ ನಂಬಿ ರೋಗನಿರ್ಣಯ ಮಾಡಬಾರದು. ಬೇರೆಯವುಗಳ ಜೊತೆ ತಾಳೆ ನೋಡಬೇಕು.

ಉಳಿದವು: ಕಣ್ಣು ಮುಚ್ಚಿ ದಪ್ಪ ಫೋಮಿನ ಮೇಲೆ ನಿಂತದ್ದು 30 ಸೆಕೆಂಡಿಗೆ ಬದಲು 11. ಮಲಗಿ ಗದ್ದ ಎದೆಗೆ ತಂದು ತಲೆ ಬಲಕ್ಕೆ ತಿರುಗಿಸಿದಾಗ 26 ಡಿಗ್ರಿ (ಸಾಮಾನ್ಯವಾಗಿ 44ರ ಆಸುಪಾಸು), ಎಂದರೆ ಮೊದಲೆರಡು ಮೂಳೆಗಳ ಸಂದು ಬಿಗಿ. ಕುತ್ತಿಗೆಯ ಕೆಳಗೆ ಗಾಳಿಚೀಲವನ್ನು 20 ಮಿ.ಮೀ. ಪಾದರಸಕ್ಕೆ ಊದಿ, ತಲೆ ಎತ್ತದೆ ಸಣ್ಣಗೆ ‘ಹೂಂ’ ಎಂದು ತಲೆದೂಗಿಸಿದರೆ ಒತ್ತಡ 22ರಲ್ಲಿ ಹತ್ತು ಸೆಕೆಂಡು ನಿಂತಿತು, 24ಕ್ಕೆ ಕುತ್ತಿಗೆಯ ಮುಂದಿನ ಹಗ್ಗದಂಥ ಸ್ನಾಯು ಎದ್ದು ಬಂತು. ಒಳಗಿನ ಸ್ನಾಯು ಸೋತಾಗ ಹೊರಗಿನದು ಕೆಲಸ ಕಸಿದುಕೊಳ್ಳುವ ಗುರುತು ಅದು. ಕಣ್ಣೆರಡೂ ಒಟ್ಟಿಗೆ ಮೂಗಿನ ಕಡೆ ಕೂಡುವ ಸಮೀಪದ ಬಿಂದು 14 ಸೆಂ.ಮೀ.; 6ರ ಒಳಗೆ ಬರಬೇಕಿತ್ತು, 10 ದಾಟಿದರೆ ಲಕ್ಷ್ಯ ಕೊಡಬೇಕು. ಈ ಕೊನೆಯ ಅಂಕಿಯನ್ನು ಬರೆದುಕೊಂಡರು, ಅದರ ಬೆನ್ನು ಹತ್ತಲಿಲ್ಲ.

ಮೊದಲ ಯೋಜನೆ, ಮೊದಲ ಸೋಲು

ಕಾಲರ್ ತೆಗೆಸಿದರು, ಕ್ಷೌರದಂಗಡಿಯ ತಿರುಚಾಟ ನಿಲ್ಲಿಸಿದರು. ಬಿಗಿಯಾದ ಸಂದಿಗೆ ಝಟಕಾ ಇಲ್ಲದೆ ಮೃದುವಾಗಿ ಕೈಯಿಂದ ಚಲನೆ ಕೊಟ್ಟರು. ಇಷ್ಟು ಸರಿ. ಮನೆಗೆ ಕೊಟ್ಟ ಪಟ್ಟಿ ಮಾತ್ರ ಅತಿಯಾಯಿತು: ತಲೆದೂಗುವ ವ್ಯಾಯಾಮ ಹತ್ತು ಸಲ, ದಿನಕ್ಕೆ ಎರಡು ಹೊತ್ತು, ಹೆಬ್ಬೆರಳ ಮೇಲೆ ದೃಷ್ಟಿ ನಿಲ್ಲಿಸಿ ತಲೆಯನ್ನು ವೇಗವಾಗಿ ಆಚೀಚೆ ತಿರುಗಿಸುವುದು ಒಂದೊಂದು ನಿಮಿಷ, ಮೂರು ಸಲ, ಫೋಮಿನ ಮೇಲೆ ನಿಲ್ಲುವುದು, ಪೆನ್ನನ್ನು ಮೂಗಿನ ಕಡೆ ತರುವುದು.

ಎರಡನೆಯ ವಾರ ನೋವು 8ಕ್ಕೆ ಏರಿತು, ರೈಲಿನಲ್ಲಿ ಹೊಟ್ಟೆ ತೊಳಸಿತು. ಅಣ್ಣ ಎಲ್ಲವನ್ನೂ ಬಿಟ್ಟು ಆರು ದಿನ ಬರಲಿಲ್ಲ. ಹೆಂಡತಿ ಫೋನು ಮಾಡಿ, “ಇವರಿಗೆ ಮೊದಲಿಗಿಂತ ಜೋರಾಗಿದೆ ಮೇಡಂ, ವ್ಯಾಯಾಮ ಸಾಕು ಅಂತಾರೆ” ಎಂದರು.

ಯಾಕೆ ಹಾಗಾಯಿತು? ದೃಷ್ಟಿ ನಿಲ್ಲಿಸಿ ತಲೆ ತಿರುಗಿಸುವ ಒಂದು ನಿಮಿಷದ ಪಾಠ ಒಳಕಿವಿಯ ರೋಗಿಗಳಿಂದ ಬಂದದ್ದು. ಅವರಿಗೆ ಸ್ವಲ್ಪ ತಲೆಸುತ್ತು ಬರಿಸಿಯೇ ಗುಣಮಾಡುತ್ತಾರೆ, ಅವರ ಕುತ್ತಿಗೆ ಗಟ್ಟಿ ಇರುತ್ತದೆ. ನೋಯುವ ಕುತ್ತಿಗೆಗೆ ಅದೇ ಪ್ರಮಾಣ ಕೊಟ್ಟರೆ ಸ್ನಾಯು ದಣಿಯುತ್ತದೆ, ದಣಿದ ಸ್ನಾಯು ಇನ್ನೂ ತಪ್ಪು ಸುದ್ದಿ ಕಳಿಸುತ್ತದೆ, ತೇಲಾಟ ಹೆಚ್ಚುತ್ತದೆ. ಮದ್ದಿನ ಜಾತಿ ಸರಿ, ಅಳತೆ ತಪ್ಪು. ಇಲ್ಲಿ ಥೆರಪಿಸ್ಟ್ ರೋಗಿಯನ್ನು ದೂರಲಿಲ್ಲ. ಅಳತೆ ತನ್ನದೇ ತಪ್ಪೆಂದು ಒಪ್ಪಿಕೊಂಡು ಪಟ್ಟಿಯನ್ನು ಮೂರನೇ ಒಂದಕ್ಕೆ ಇಳಿಸಿದರು. ಅಣ್ಣ ಮರಳಿ ಬಂದದ್ದು ಅದಕ್ಕೇ ಎಂದು ಹೇಳಬಹುದು.

ಅಲ್ಲಿಂದ ಒಂದು ನಿಯಮ ಇಟ್ಟುಕೊಂಡರು. ವ್ಯಾಯಾಮದ ನಡುವೆ ತೇಲಾಟ ಹತ್ತರಲ್ಲಿ ಎರಡು ಅಂಕ ಏರಬಹುದು, 15 ನಿಮಿಷದೊಳಗೆ ಇಳಿಯಬೇಕು. ಕುತ್ತಿಗೆ ನೋವು ಏರಲೇಬಾರದು. ಏರಿದರೆ ಅಲ್ಲಿಗೇ ನಿಲ್ಲಿಸಿ ಮರುದಿನ ಅರ್ಧ ಮಾಡಬೇಕು.

ಕನ್ನಡಕ ಮತ್ತು ಗಲ್ಲಾ

ನಾಲ್ಕನೆಯ ವಾರ ಥೆರಪಿಸ್ಟ್ ಒಂದು ಕೆಲಸ ಹೇಳಿದರು: ಹೋಟೆಲಿನ ಹುಡುಗನೊಬ್ಬನ ಕೈಯಲ್ಲಿ, ಕೆಲಸದ ನಡುವೆ, ಬದಿಯಿಂದಲೂ ಎದುರಿನಿಂದಲೂ ಎರಡು ನಿಮಿಷದ ವಿಡಿಯೊ. ಮೊದಲ ವಾರವೇ ಕೇಳಬೇಕಿತ್ತು.

ವಿಡಿಯೊದಲ್ಲಿ ಬಿಲ್ಲಿನ ಪರದೆ ನೇರ ಎದುರಿಗೆ, ಬಾಗಿಲೂ ಪಾರ್ಸೆಲ್ ಕಟ್ಟುವ ಜಾಗವೂ ಪೂರ್ತಿ ಎಡಕ್ಕೆ. ಸ್ಟೂಲು ಎತ್ತರ, ಬೆನ್ನಿಲ್ಲ, ಕಾಲು ಜೋತುಬಿದ್ದಿದೆ. ಮೈ ಪರದೆಯ ಕಡೆ ಇದ್ದರೂ ತಲೆ ಹೆಚ್ಚು ಹೊತ್ತು ಎಡಕ್ಕೇ ಇದೆ. ಇನ್ನೊಂದು ಸಣ್ಣ ಚಲನೆ: ಪರದೆ ಓದುವಾಗ ಪ್ರತಿ ಸಲವೂ ಗದ್ದ ಮೇಲೆ ಎದ್ದು ತಲೆ ಹಿಂದಕ್ಕೆ ಬಾಗುತ್ತಿತ್ತು. ಒಂದು ಬಿಲ್ಲಿಗೆ ಒಂದು ಸಲ. ದಿನಕ್ಕೆ ನೂರಾರು ಬಿಲ್ಲು.

ಕಾರಣ ಕನ್ನಡಕ. ಎಂಟು ತಿಂಗಳ ಹಿಂದೆ ಅಣ್ಣ ಪ್ರೊಗ್ರೆಸಿವ್ ಲೆನ್ಸ್ ಹಾಕಿಸಿಕೊಂಡಿದ್ದರು. ಇದರಲ್ಲಿ ಮೇಲೆ ದೂರದ ಪವರ್, ಕೆಳಗೆ ಓದುವ ಪವರ್, ನಡುವೆ ಮಧ್ಯದೂರಕ್ಕೆ ಕಿರಿದಾದ ಒಂದು ಓಣಿ. ಅದರ ಇಕ್ಕೆಲಗಳಲ್ಲಿ ಮಸುಕು. ಪರದೆ ಎತ್ತರದಲ್ಲಿದ್ದರೆ ಲೆನ್ಸಿನ ಕೆಳಭಾಗದಿಂದ ನೋಡಲು ಗದ್ದ ಎತ್ತಲೇಬೇಕು. ಆಗ ಒತ್ತಡ ಬೀಳುವುದು ಅದೇ ತಲೆಬುಡದ ಸಣ್ಣ ಸ್ನಾಯುಗಳ ಮೇಲೆ. ಮೆಟ್ಟಿಲು ಇಳಿಯುವಾಗ ಇನ್ನೊಂದು ತೊಂದರೆ: ಕಣ್ಣು ಕೆಳಗಿಳಿಸಿದರೆ ಮೆಟ್ಟಿಲಿನ ಅಂಚು ಓದುವ ಪವರಿನ ಮೂಲಕ ಕಾಣುತ್ತದೆ, ಮಸುಕಾಗಿ, ದೂರ ತಪ್ಪಾಗಿ. ದಾದರ್ ಬ್ರಿಡ್ಜಿನ ಮೇಲೆ ಜನ ಹಿಂದಿನಿಂದ ತಳ್ಳುತ್ತಿರುವಾಗ ಇದೊಂದೇ ಸಾಕು, ಕಾಲು ನಡುಗಲು.

ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಆಪ್ಟೋಮೆಟ್ರಿಸ್ಟ್ ನೋಡಿದರು. ಪವರ್ ಸರಿ, ಕೆಲಸಕ್ಕೆ ಕನ್ನಡಕ ಸರಿಯಿಲ್ಲ ಎಂದರು. ಎರಡು ಜೋಡಿ ಮಾಡಿಸಿದರು: ಗಲ್ಲಾಕ್ಕೆ ಮಧ್ಯದೂರ ಮತ್ತು ಹತ್ತಿರ ಎರಡೂ ಅಗಲವಾಗಿ ಕಾಣುವ ಆಫೀಸ್ ಲೆನ್ಸ್, ದಾರಿಗೆ ಬರೀ ದೂರದ ಪವರ್. ಸಮೀಪದ ಬಿಂದುವಿನ ವ್ಯಾಯಾಮವನ್ನು ಅವರೇ ಕಲಿಸಿ ವಾರಕ್ಕೊಮ್ಮೆ ನೋಡಿದರು.

ಗಲ್ಲಾ ಬದಲಾವಣೆಗೆ ಖರ್ಚು ಇಲ್ಲವೆನ್ನುವಷ್ಟು. ಪರದೆಯನ್ನು 12 ಸೆಂ.ಮೀ. ತಗ್ಗಿಸಿ, ಬಾಗಿಲಿನ ಕಡೆಗೆ ಸರಿಸಿದರು. ಕೂರುವ ಜಾಗವನ್ನು ಪರದೆ, ಬಾಗಿಲು ಎರಡರ ನಡುವಿಗೆ ತಿರುಗಿಸಿದರು. ಈಗ ಪರದೆ ಸ್ವಲ್ಪ ಬಲಕ್ಕೆ, ಬಾಗಿಲು ಸ್ವಲ್ಪ ಎಡಕ್ಕೆ, ಮೈ ಎರಡರ ನಡುವೆ. ಕಾಲಿಗೆ ಹಾಲಿನ ಕ್ರೇಟು ಬೋರಲು. ಬೆನ್ನಿರುವ ಕುರ್ಚಿ ಒಳಗಿನ ಸ್ಟೋರಿನಲ್ಲೇ ಇತ್ತು. ಧಣಿಗಳು ಬಂದು ನೋಡಿ, “ಇದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ” ಎಂದರಂತೆ.

ಎಡಕ್ಕೆ ತಿರುಗಿ ಕೂತದ್ದರಿಂದಲೇ ಚುಕ್ಕೆ ಎಡಕ್ಕೆ ಸರಿಯಿತು ಎಂದು ಹೇಳಲು ಆಸೆಯಾಗುತ್ತದೆ. ಟ್ಯಾಕ್ಸಿಯ ಏಟೂ ಇತ್ತು, ಮೂಳೆಸಂದಿನ ಬಿಗಿಯೂ ಇತ್ತು. ಒಂದನ್ನೇ ಬೊಟ್ಟುಮಾಡಿ ತೋರಿಸಲಾಗದು.

ಎರಡನೆಯ ಸುತ್ತು

ಈ ಸಲ ಮಲಗಿಕೊಂಡೇ ಶುರು. ದಿಂಬಿನ ಮೇಲೆ ತಲೆ. ಛಾವಣಿಗೆ ಅಂಟಿಸಿದ ಚೀಟಿಯಲ್ಲಿ ದಪ್ಪಕ್ಷರದ ಒಂದು ‘ಅ’. ಕಣ್ಣು ಅದರ ಮೇಲಿಟ್ಟು ತಲೆಯನ್ನು ನಿಧಾನ, 20 ಡಿಗ್ರಿಯಷ್ಟೇ ಹೊರಳಿಸುವುದು. ಎರಡು ಕಡೆ ಐದೈದು ಸಲ. ಆಮೇಲೆ ಕಣ್ಣು ಮೊದಲು, ತಲೆ ಹಿಂದೆ: ಕಣ್ಣನ್ನು ಬದಿಯ ಚೀಟಿಗೆ ಕೊಂಡೊಯ್ದು, ಅದು ನಿಂತ ಮೇಲೆ ತಲೆ ಅಲ್ಲಿಗೆ ಹೋಗಬೇಕು, ಮರಳುವಾಗಲೂ ಅದೇ ಕ್ರಮ. ತಪ್ಪದೆ ಮೂರು ದಿನ ಸರಾಗವಾಗಿ ಆದರೆ ಕೂತು, ಆಮೇಲೆ ನಿಂತು, ಆಮೇಲೆ ಮಡಿಸಿದ ರಜಾಯಿಯ ಮೇಲೆ ನಿಂತು, ಕೊನೆಗೆ ಪ್ಯಾಸೇಜಿನಲ್ಲಿ ನಡೆಯುತ್ತ.

ಹಿನ್ನೆಲೆಯೂ ಮುಖ್ಯ. ಮೊದಲು ಬರೀ ಬಿಳಿ ಗೋಡೆ. ಆರನೆಯ ವಾರದಲ್ಲಿ ಚೀಟಿಯ ಹಿಂದೆ ಚೌಕಳಿ ಲುಂಗಿ ಇಳಿಬಿಟ್ಟರು. ಗೆರೆಗಳ ಮುಂದೆ ದೃಷ್ಟಿ ನಿಲ್ಲಿಸುವುದು ಬಿಳಿಗೋಡೆಗಿಂತ ಬಹಳ ಕಷ್ಟ. ಹಾದುಹೋಗುವ ಲೋಕಲ್ಲಿನ ಕಿಟಕಿಗಳ ಸಾಲಿಗೆ ಇದು ಮನೆಯೊಳಗಿನ ತಯಾರಿ. ಎಂಟನೆಯ ವಾರ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು, ಆಚೆಬದಿಯ ಫಲಕವೊಂದರ ಮೇಲೆ ಕಣ್ಣಿಟ್ಟು, ಎರಡು ಗಾಡಿ ಹಾದುಹೋಗುವವರೆಗೆ. ಅಂಚಿನಿಂದ ದೂರ, ಜನ ಕಡಿಮೆ ಇರುವ ಮಧ್ಯಾಹ್ನ.

ಲೇಸರ್ ಚುಕ್ಕೆಯ ಅಭ್ಯಾಸವನ್ನೂ ಮನೆಗೆ ಕೊಟ್ಟರು. ಪತ್ರಿಕೆಯ ಹಾಳೆಯ ಮೇಲೆ ಒಂದರೊಳಗೊಂದು ವೃತ್ತ, 3, 5, 7 ಸೆಂ.ಮೀ. ತ್ರಿಜ್ಯದವು, ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿ 90 ಸೆಂ.ಮೀ. ದೂರ ಕುರ್ಚಿ. ಕಣ್ಣು ಮುಚ್ಚಿ ತಿರುಗಿ ಮರಳಿ, ಕಣ್ಣು ಬಿಟ್ಟು, ಚುಕ್ಕೆಯನ್ನು ನಿಧಾನವಾಗಿ ನಡುವಿಗೆ ತಂದು, ಆ ಸರಿಯಾದ ಜಾಗದಲ್ಲಿ ಮೂರು ಉಸಿರು ನಿಲ್ಲುವುದು. ಆ ಮೂರು ಉಸಿರೇ ಪಾಠ. ಅವಸರಪಟ್ಟು ಬರೀ ತಿರುಗಿದರೆ ಕುತ್ತಿಗೆ ಏನೂ ಕಲಿಯುವುದಿಲ್ಲ. ಐದೈದು ಸಲ, ದಿನಕ್ಕೆ ಎರಡು ಹೊತ್ತು. ಚುಕ್ಕೆ ಯಾರ ಕಣ್ಣಿಗೂ ಬೀಳಬಾರದು, ಎದುರಿಗೆ ಕನ್ನಡಿ ಇರಬಾರದು, ಮಕ್ಕಳು ಕೋಣೆಯಲ್ಲಿರಬಾರದು. ಇಂಥ ಕಣ್ಣು-ಕುತ್ತಿಗೆ ಜೋಡಣೆಯ ತರಬೇತಿಯಿಂದ ತಪ್ಪು ಕಡಿಮೆಯಾಗಿ ನೋವೂ ತಗ್ಗುತ್ತದೆ ಎಂದು ರೆವೆಲ್ ಅವರ ತಂಡವೇ 1994ರಲ್ಲಿ ಹೋಲಿಕೆ ಗುಂಪಿಟ್ಟು ತೋರಿಸಿತ್ತು.

ತಲೆದೂಗುವ ವ್ಯಾಯಾಮ ಹೊತ್ತಿಗೆ ಐದರಿಂದ ಶುರುವಾಗಿ ಹತ್ತಕ್ಕೆ ಬರಲು ನಾಲ್ಕು ವಾರ ತೆಗೆದುಕೊಂಡಿತು.

ಏನಾಯಿತು

ಮರುಶುರುವಾತಿನಿಂದ ಹನ್ನೆರಡು ವಾರಕ್ಕೆ ನೋವು 6ರಿಂದ 2. ಕುತ್ತಿಗೆಯ ಅಂಕ 19ರಿಂದ 8. ಡಿಎಚ್‌ಐ 44ರಿಂದ 16. ಇದರಲ್ಲಿ 18 ಅಂಕ ಇಳಿದರೆ ನಿಜವಾದ ಬದಲಾವಣೆ ಎಂದು ಹಿಡಿಯುತ್ತಾರೆ, ಇಲ್ಲಿ 28 ಇಳಿದಿದೆ. ಎಡದಿಂದ ಮರಳುವ ತಪ್ಪು 9.5ರಿಂದ 4 ಸೆಂ.ಮೀ. ಫೋಮಿನ ಮೇಲೆ 27 ಸೆಕೆಂಡು. ಕಣ್ಣು ಕೂಡುವ ಬಿಂದು 8 ಸೆಂ.ಮೀ. ನೋಟಿನ ಲೆಕ್ಕ ತಪ್ಪುವುದು ಮೊದಲು ನಿಂತಿತು, ನೋವು ಆಮೇಲೆ ಇಳಿಯಿತು. ಈ ಕ್ರಮ ಗಮನಿಸತಕ್ಕದ್ದು.

ಪೂರ್ತಿ ಗುಣವಾಗಿದೆ ಎನ್ನಲಾಗದು. ಬಲಕ್ಕೆ ತಿರುಗುವುದು ಇನ್ನೂ ಎಡದಷ್ಟಿಲ್ಲ. ಸಂಜೆಯ ಗರ್ದಿಯಲ್ಲಿ ಬ್ರಿಡ್ಜ್ ಇಳಿಯುವಾಗ ಅಣ್ಣ ಕಟಕಟೆ ಹಿಡಿದೇ ಇಳಿಯುತ್ತಾರೆ, ಮಳೆಗಾಲದಲ್ಲಿ ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ.

ಯಾವುದರಿಂದ ಎಷ್ಟು ಗುಣವಾಯಿತು ಎಂದು ಬಿಡಿಸಿ ಹೇಳಲು ಈ ಒಂದು ಪ್ರಕರಣ ಸಾಲದು. ಕನ್ನಡಕ, ಕುರ್ಚಿ, ವ್ಯಾಯಾಮ, ಮಾತ್ರೆ ಬಿಟ್ಟದ್ದು, ಎಲ್ಲವೂ ಒಂದೇ ತಿಂಗಳಲ್ಲಿ ಆದವು. ಕನ್ನಡಕ ಮತ್ತು ಗಲ್ಲಾವನ್ನು ಮೊದಲ ವಾರವೇ ನೋಡಿದ್ದರೆ, ವ್ಯಾಯಾಮದ ಅಳತೆ ಕಡಿಮೆಯಿದ್ದರೆ ಆ ಕೆಟ್ಟ ಹದಿನೈದು ದಿನ ಬರುತ್ತಿರಲಿಲ್ಲ ಎಂಬುದು ಬಹುಮಟ್ಟಿಗೆ ಖಚಿತ. ದಿನಕ್ಕೆ ಹತ್ತು ತಾಸು ಕುತ್ತಿಗೆಯನ್ನು ಕೆಡಿಸುವ ಜಾಗ ಹಾಗೇ ಇರುವಾಗ ಹತ್ತು ನಿಮಿಷದ ವ್ಯಾಯಾಮದಿಂದ ಹೆಚ್ಚು ಕೇಳುವಂತಿಲ್ಲ. ಕುತ್ತಿಗೆ ನೋವಿನ ಯಾರಿಗೇ ಆಗಲಿ ಎರಡು ಪ್ರಶ್ನೆ ಕೇಳುವುದನ್ನು ಬಿಡಬಾರದು: ಮೆಟ್ಟಿಲು ಇಳಿಯುವಾಗ ಏನನ್ನಿಸುತ್ತದೆ, ಓದುವಾಗ ಅಕ್ಷರ ನಿಲ್ಲುತ್ತದೆಯೇ. ಕನ್ನಡಕ ಹಾಕುವವರಾದರೆ ಅದನ್ನು ಕೈಗೆ ತೆಗೆದುಕೊಂಡು ಯಾವ ಲೆನ್ಸ್ ಎಂದು ನೋಡಬೇಕು.

ಆರು ತಿಂಗಳ ಭೇಟಿಯಲ್ಲಿ ಕುತ್ತಿಗೆಯ ಅಂಕ 9, ಬಹುತೇಕ ಹಾಗೆಯೇ ನಿಂತಿದೆ. ವೃತ್ತದ ಹಾಳೆ ಇನ್ನೂ ಕಪಾಟಿನ ಬಾಗಿಲಲ್ಲಿದೆ, ಎಣ್ಣೆಯ ಕಲೆ ಬಿದ್ದು ಅಂಚು ಹಳದಿಯಾಗಿದೆ. ಈಗ ವಾರಕ್ಕೆ ಎರಡು ಸಲ. ದೀಪಾವಳಿಯ ಗಡಿಬಿಡಿಯಲ್ಲಿ ಎರಡು ವಾರ ಬಿಟ್ಟುಹೋಗಿ, ಮತ್ತೆ ಕೂತಾಗ ಚುಕ್ಕೆ ಎರಡನೆಯ ವೃತ್ತ ದಾಟಿ ಎಡಕ್ಕೆ ನಿಂತಿತ್ತು. ಅಣ್ಣ ಯಾರಿಗೂ ಫೋನು ಮಾಡಲಿಲ್ಲ. ಒಂದು ವಾರ ದಿನಕ್ಕೆ ಎರಡು ಹೊತ್ತು ಮಾಡಿದರು, ಚುಕ್ಕೆ ಒಳಗೆ ಬಂತು.